ಬಟ್ಟೆ ತಂತಿಯಲ್ಲಿ ಬಂದ ಗಟ್ಟಿಮೇಳ

ಓದುಗ ಬಂಧುಗಳಿಗೆ ನಮಸ್ಕಾರ. ನಾನು ತಡವಾಗಿ ಶಾಲೆ ಕಂಡವ, ಟೈಪ್ ಹೊಡೆಯುವುದೂ ನಿಧಾನ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮದುವೆ ಮನೆಗೆ ಕಡಾಯಿ, ಚಾಪೆ ಕೇಳಿ ತರುವುದು ನಮ್ಮಲ್ಲಿ ವಾಡಿಕೆ. ಬಟ್ಟೆ ಒಣಗಿಸುವ ತಂತಿ ಕೇಳಿ ತಂದವರನ್ನು ಕಂಡಿದ್ದೀರಾ? ಮೊನ್ನೆ ಕಾಣಿಯೂರಿನಲ್ಲಿ ನಾವು ತಂದೆವು.

ನನ್ನ ಅಣ್ಣನ ಮಗಳು ಶಾರದೆಯ ಮದುವೆ. ಅವಳನ್ನು ಎತ್ತಿ ಆಡಿಸಿದ ಅಜ್ಜಿ, ಅಂದರೆ ಅತ್ತಿಗೆಯ ತಾಯಿ, ಗದ್ದೆಯಾಚೆಯ ಮನೆಯಲ್ಲಿ ಕಾಲು ಮುರಿದು ಮಲಗಿದ್ದರು. ಕುರ್ಚಿಯಲ್ಲಿ ಹೊತ್ತು ತರುತ್ತೇವೆ ಎಂದರೆ, "ಎಂತ ಮಾರಾಯ, ಹೆಣ ಹೊತ್ತ ಹಾಗೆ ಮದುವೆಗೆ ಬರುದಾ?" ಎಂದರು.

ಶಾರದೆಯದ್ದು ಇನ್ನೊಂದು ಹಟ. "ಅಜ್ಜಿಗೆ ಗಟ್ಟಿಮೇಳ ಕೇಳದಿದ್ರೆ ನಾನು ಕರಿಮಣಿಗೆ ತಲೆ ಬಗ್ಗಿಸುದಿಲ್ಲ."

ದರ್ಬೆ ಪೇಟೆಯಿಂದ ಮೈಕ್ ಸೆಟ್ ತಂದ ಸಂಜೀವಣ್ಣ ಹಿಂದಿನ ದಿನವೇ ಗದ್ದೆಯುದ್ದಕ್ಕೂ ವೈರ್ ಎಳೆದರು. (ಕರೆಂಟ್ ಎಲ್ಲಿ? ಎಲ್ಲ ಬ್ಯಾಟರಿಯಲ್ಲಿ.) ಇದ್ದ ಒಂದು ಹಾರ್ನ್ ಸ್ಪೀಕರನ್ನು ಚಪ್ಪರದ ಹತ್ತಿರ ಕಟ್ಟಿ ನೋಡಿದರೆ ಕಿವಿ ಒಡೆಯುವ ಸದ್ದು. ಅಜ್ಜಿಯ ಜಗಲಿಗೆ ಒಯ್ದರೆ? ನೊಣದ ಗುಂಯ್.

"ಇಂಪಿಡೆನ್ಸ್, ಮಾರಾಯ್ರೆ," ಎಂದರು ಸಂಜೀವಣ್ಣ.

"ಅದೆಂತ ರೋಗ?"

"ರೋಗ ಅಲ್ಲ, ತಡೆ. ಆಂಪ್ಲಿಫಯರಿಗೂ ಹಾರ್ನಿಗೂ ಜಾತಕ ಕೂಡಿದೆ. ಆದ್ರೆ ಈ ಸಪೂರ ವೈರಿನ ತಡೆ ಹಾರ್ನಿನದ್ದಕ್ಕಿಂತ ಜಾಸ್ತಿ ಉಂಟು. ಸದ್ದೆಲ್ಲ ದಾರಿಯಲ್ಲೇ ಖರ್ಚು. ದಪ್ಪ ತಂತಿ ಬೇಕು, ಅಷ್ಟುದ್ದ ನನ್ನತ್ರ ಇಲ್ಲ."

ಅತ್ತಿಗೆ ಅಡಿಗೆಮನೆಯಿಂದಲೇ ಕೂಗಿದರು: "ಕಡಾಯಿ ಕೊಡುವವರು ತಂತಿ ಕೊಡುದಿಲ್ವಾ?"

ಕೊಟ್ಟರು! ಮನೆಮನೆಯ ಬಟ್ಟೆ ತಂತಿ ಬಿಚ್ಚಿ ಬಂತು. ಮರದಿಂದ ಮರಕ್ಕೆ ಎರಡು ಸಾಲು, ಒಂದಕ್ಕೊಂದು ತಾಗದ ಹಾಗೆ ನಡುನಡುವೆ ಬಿದಿರಿನ ತುಂಡು. ಸಂಜೆ ಅಜ್ಜಿಯ ಜಗಲಿಯಲ್ಲಿ ಹಾರ್ನ್ ಗುಡುಗಿತು.

ಮರುದಿನ ಮುಹೂರ್ತಕ್ಕೆ ಇನ್ನೇನು ಹೊತ್ತಾಯಿತು ಎನ್ನುವಾಗ ಗದ್ದೆಯಾಚೆ ಯಾರೋ ಟವೆಲ್ ಬೀಸಿದರು. ಹಾರ್ನಿನಲ್ಲಿ ಸದ್ದಿಲ್ಲ ಎಂಬ ಸನ್ನೆ! ಶಾರದೆ ನನ್ನ ಮುಖ ನೋಡಿದಳು. ಓಡಿದೆ, ತಂತಿಯ ಜಾಡು ಹಿಡಿದು.

ದಾರಿಯಲ್ಲಿ ನೆರೆಮನೆಯ ಕಮಲಕ್ಕನ ಅಂಗಳ. ಎರಡೂ ತಂತಿಯ ಮೇಲೆ ಒದ್ದೆ ಸೀರೆ! ಅದರ ಭಾರಕ್ಕೆ ಬಿದಿರು ಕಳಚಿ ತಂತಿಗಳು ತಬ್ಬಿಕೊಂಡಿದ್ದವು. ಇನ್ನು ಸದ್ದು ಹಾರ್ನಿನವರೆಗೆ ಹೋಗುವುದೆಂತು?

"ಎಂತ ಕಮಲಕ್ಕ ಇದು?"

"ನನ್ನದೇ ತಂತಿ ಅಲ್ವಾ? ಮತ್ತೆ ಎಲ್ಲಿ ಒಣಗಿಸುದು, ನಿನ್ನ ತಲೆ ಮೇಲಾ?"

ಸೀರೆ ಅವರ ಕೈಗೆ, ಸೌದೆ ತುಂಡು ತಂತಿಯ ನಡುವೆ. ಪುನಃ ಓಟ.

ಅಜ್ಜಿಯ ಜಗಲಿ ಮುಟ್ಟುವಾಗ ಹಾರ್ನಿನಲ್ಲಿ ಗಟ್ಟಿಮೇಳ! ಅಜ್ಜಿ ಮಲಗಿದಲ್ಲಿಂದಲೇ ಹಾರ್ನಿನ ಬಾಯಿಗೆ ಅಕ್ಷತೆ ಎಸೆಯುತ್ತಿದ್ದರು. "ಶಾರದೆ, ಚೆನ್ನಾಗಿ ಬಾಳು ಮಗಾ!" ಎಂದು ಆ ಹಾರ್ನಿಗೇ ಕೂಗಿದರು. ಮತ್ತೆ ನನ್ನತ್ತ ತಿರುಗಿ, "ಅವಳಿಗೆ ಕೇಳಿತಾ?"

ಮೈಕ್ ಇದ್ದದ್ದು ಚಪ್ಪರದಲ್ಲಿ, ಇಲ್ಲಿಂದ ಅಲ್ಲಿಗೆ ಮಾತು ಹೋಗುವುದಿಲ್ಲ. ಊಟಕ್ಕೆ ಮೊದಲೇ ಮದುಮಕ್ಕಳನ್ನು ಗದ್ದೆ ದಾಟಿಸಿ ಕರೆತಂದೆ. (ಗಂಡಿನ ಕಡೆಯವರು ಗೊಣಗಿದರು. ಗೊಣಗಲಿ.)

ನಿಮ್ಮಲ್ಲೂ ಇಂಥದ್ದು ನಡೆದಿದ್ದರೆ ನಾಲ್ಕು ಸಾಲು ಬರೆದು ಹಾಕಿ.

ಅಜ್ಜಿಗೆ ಕೇಳಿಸಲಿಕ್ಕೆ ಊರಿನ ತಂತಿಯನ್ನೆಲ್ಲ ಎಳೆದೆವು. ಅಜ್ಜಿಗೂ ಹೇಳಲಿಕ್ಕೆ ಉಂಟು ಎಂದು ನಮಗೆ ಒಬ್ಬರಿಗೂ ಯಾಕೆ ಹೊಳೆಯಲಿಲ್ಲ?