ಜಯಲತಾ ಟೀಚರ ಕೆಳದನಿ

ಪಾಠಕ್ಕಿದ್ದ ಇಂಗ್ಲಿಷ್ ಕಾವ್ಯನಾಟಕದಲ್ಲಿ ಹೆಂಗಸರೆಲ್ಲ ಒಟ್ಟಿಗೆ ಹೇಳುವ ಸಾಲುಗಳನ್ನು ಮುಂಬಯಿ ಹತ್ತಿರದ ಕಲ್ಯಾಣದ ಕಾಲೇಜಿನ ಜಯಲತಾ ಟೀಚರು ಇಡೀ ತರಗತಿಯಿಂದ ಹೇಳಿಸುತ್ತಿದ್ದರು. "ನಮ್ಮ ಚರ್ಚಿನ ಹಾಡೂ ಹೀಗೇ. ಒಬ್ಬರ ಬಾಯಲ್ಲಿ ಅದು ಬರೀ ಅರ್ಧ," ಎನ್ನುತ್ತಿದ್ದರು.

ಠಾಣೆಯ ಕನ್ನಡ ಚರ್ಚಿನಲ್ಲಿ ಅಕ್ಕ ಸುಗುಣಾ ಮೂಲ ರಾಗ ಹಾಡಿದರೆ, ಇವರು ಚಿಕ್ಕಂದಿನಿಂದ ಅದಕ್ಕೆ ಹೊಂದುವ ಕೆಳದನಿ ಆಲ್ಟೊ ಮಾತ್ರ ಹಾಡಿದವರು. ಉಸಿರೆಳೆದುಕೊಳ್ಳುವುದೂ ಅಕ್ಕನ ಸನ್ನೆ ನೋಡಿಯೇ.

೧೯೯೭ರಲ್ಲಿ ಅಕ್ಕ ತೀರಿಕೊಂಡು, ಚರ್ಚಿನಲ್ಲಿ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದ ದಿನ ಲೋಕಲ್ ರೈಲು ನಿಂತುಹೋಗಿ, ಉಳಿದ ಹಾಡುಗಾರರು ಬರಲಿಲ್ಲ.

"ಅಕ್ಕನ ಇಷ್ಟದ ಗೀತೆ ನೀವೇ ಸುರು ಮಾಡಿ ಟೀಚರೇ, ನಾವು ಸೇರಿಕೊಳ್ತೇವೆ," ಎಂದರು ಚರ್ಚಿನ ಪಾದ್ರಿ, ಸಭಾಪಾಲಕರು.

ಬಾಯಿ ತೆರೆದರೆ ಬಂದದ್ದು ಆಲ್ಟೊ. ಅದು ಯಾವ ಗೀತೆಯೆಂದು ಯಾರಿಗೂ ತಿಳಿಯಲಿಲ್ಲ, ಯಾರೂ ಸೇರಲಿಲ್ಲ. ಮೂಲ ರಾಗ ಕಿವಿಯಲ್ಲಿತ್ತು, ಗಂಟಲಿಗೆ ಬರಲೊಲ್ಲದು. ಮೊದಲ ಸಾಲು ಮುಗಿದಾಗ ಜಯಲತಾ ಶವಪೆಟ್ಟಿಗೆಯತ್ತ ತಿರುಗಿ, ಉಸಿರೆಳೆದುಕೊಳ್ಳಲು ಅಕ್ಕನ ಸನ್ನೆಗೆ ಕಾದರು.