ಅಕ್ಕನ ಪಾಸ್‌ವರ್ಡ್

ನಮ್ಮ ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಆಳೆತ್ತರದ ಒಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇತ್ತು. ಅದನ್ನು ಇಪ್ಪತ್ತೆರಡು ವರ್ಷ ಸಾಕಿದವರು ಅಲ್ಲಿನ ಆಪರೇಟರ್. ನಮಗೆಲ್ಲ ಅವರು ಅಕ್ಕ. ಮಣ್ಣಿನವರು, ಲೋಹದವರು, ಬೀಜದವರು, ಹಲ್ಲಿನ ಡಾಕ್ಟರರು ಎಲ್ಲರೂ ಪುಟ್ಟ ಡಬ್ಬಿಯಲ್ಲಿ ಮಾದರಿ ಹಿಡಿದು ಬರುತ್ತಿದ್ದೆವು. ಚಿತ್ರ ಸಿಕ್ಕಿದ್ದೇ ತಡ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಎದ್ದು ಹೋಗುತ್ತಿದ್ದೆವು.

ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲೇ ಲಾಗಿನ್ ಆಗಬೇಕೆಂಬ ನಿಯಮವೇನೋ ಇತ್ತು. ಅದಕ್ಕೊಂದು ಫಾರಂ ತುಂಬಲು ಐದು ನಿಮಿಷ ಸಾಕು. ದೊಡ್ಡ ಮನುಷ್ಯರು ನಾವು, ಐದು ನಿಮಿಷ ಎಲ್ಲಿಂದ ತರೋಣ?

"ಅಕ್ಕಾ, ಇವತ್ತೊಂದಿನ ನಿಮ್ಮ ಪಾಸ್‌ವರ್ಡ್ ಹಾಕ್ಬಿಡಿ."

ಅಕ್ಕ ಗೊಣಗುತ್ತಲೇ ಹಾಕುತ್ತಿದ್ದರು. "ಡಬ್ಬಿನಾದ್ರೂ ವಾಪಸ್ ತಗೊಂಡು ಹೋಗ್ರಪ್ಪಾ, ನನ್ನ ಬೀರು ತುಂಬಿ ಹೋಯ್ತು." ಯಾರೂ ಒಯ್ಯಲಿಲ್ಲ.

ಯಂತ್ರಕ್ಕೆ ವಯಸ್ಸಾಗಿ ದಿನ ಬಿಟ್ಟು ದಿನ ಕೈ ಕೊಡತೊಡಗಿತು. ಹಲವರು ಹಂಚಿಕೊಂಡು ಬಳಸುವ ಉಪಕರಣಗಳಿಗೆಂದೇ ಒಂದು ಅನುದಾನವಿತ್ತು. ನಮ್ಮ ಪ್ರೊಫೆಸರ್ ಅರ್ಜಿ ಹಾಕಿದರು. ಸಿಗದಿದ್ದರೆ ಕೋಣೆಗೆ ಬೀಗ. ಅಕ್ಕ ಸ್ಟೋರಿನಲ್ಲಿ ಕೂತು ಪೊರಕೆ ಹಂಚಬೇಕು. ಮೂರು ತಿಂಗಳಿಗೆ ಉತ್ತರ ಬಂತು: "ಕಂಪ್ಯೂಟರ್ ದಾಖಲೆಯ ಪ್ರಕಾರ ಇದನ್ನು ಬಳಸುವವರು ಒಬ್ಬರೇ. ಹಂಚಿಕೊಂಡು ಬಳಸುತ್ತಿರುವುದು ನಿಜವಾದರೆ ಹದಿನೈದು ದಿನದೊಳಗೆ ಪುರಾವೆ ಕೊಡಿ."

ಪ್ರೊಫೆಸರ್ ಕಾಗದ ಹಿಡಿದು ಧಡಧಡನೆ ಕೆಳಗಿಳಿದರು. "ಏನಮ್ಮಾ ಇದು? ಎಲ್ಲಾ ಕಡೆ ನಿಮ್ಮ ಹೆಸರೇ ಇದೆಯಲ್ಲ!"

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ! ಹತ್ತು ವರ್ಷ ಆ ಹೆಸರಿನಲ್ಲೇ ಲಾಗಿನ್ ಆಗಿ ಕೂತೆದ್ದವರು ಈ ಪ್ರೊಫೆಸರೇ. ನನಗೆ ಮೈಯೆಲ್ಲ ಉರಿಯಿತು. ಆದರೆ ಯಾವ ಬಾಯಲ್ಲಿ ಮಾತಾಡಲಿ? ನಾನೂ ಅದೇ ಕಳ್ಳ.

ಅಕ್ಕ ಬೀರು ತೆರೆದರು. ಆರುನೂರ ನಲವತ್ತು ಡಬ್ಬಿ. ಪ್ರತಿ ಮುಚ್ಚಳದ ಮೇಲೂ ತಂದವರ ಕೈಬರಹದಲ್ಲೇ ಹೆಸರು, ವಿಭಾಗ, ತಾರೀಖು. ಎಲ್ಲಕ್ಕಿಂತ ಮೇಲಿದ್ದದ್ದು ಪ್ರೊಫೆಸರರದೇ.

"ಈ ಕಸ ತಗೊಂಡೋಗಿ ಅಂತ ಬಾಯಿ ನೋಯೋ ಹಾಗೆ ಹೇಳ್ದೆ ಸಾರ್. ಪುಣ್ಯಕ್ಕೆ ಒಬ್ರೂ ಕೇಳ್ಲಿಲ್ಲ."

ಅಕ್ಕ ಒಂದು ವಾರ ಒಬ್ಬರೇ ಕೂತು ಪ್ರತಿ ಮುಚ್ಚಳದ ಫೋಟೊ ತೆಗೆದರು, ತಾರೀಖುಗಳನ್ನು ಕಂಪ್ಯೂಟರ್ ದಾಖಲೆಯೊಂದಿಗೆ ತಾಳೆ ನೋಡಿ ಕಳಿಸಿದರು. ಅನುದಾನ ಮಂಜೂರಾಯಿತು.

ಹೊಸ ಯಂತ್ರದ ಉದ್ಘಾಟನೆಯಲ್ಲಿ ಪ್ರೊಫೆಸರ್ ನಿರ್ದೇಶಕರಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಎಲ್ಲರಿಗೂ ಧನ್ಯವಾದ ಹೇಳಿದರು. ಇಪ್ಪತ್ತೆರಡು ವರ್ಷ ದಾಖಲೆಯ ಪ್ರತಿ ಸಾಲಿನಲ್ಲೂ ಇದ್ದ ಹೆಸರು ಆ ಭಾಷಣದಲ್ಲಿ ಎಲ್ಲೂ ಬರಲಿಲ್ಲ. ಚಪ್ಪಾಳೆ ಮುಗಿದ ಮೇಲೆ ಪ್ರೊಫೆಸರ್ ಹೋಗಿ ಯಂತ್ರದ ಮುಂದಿನ ಹೊಸ ಕುರ್ಚಿಯಲ್ಲಿ ಕೂತು, ತಿರುಗಿಯೂ ನೋಡದೆ ಅಂದರು:

"ಇವತ್ತೊಂದಿನ ನಿಮ್ಮ ಪಾಸ್‌ವರ್ಡ್ ಹಾಕ್ಬಿಡೀಮ್ಮಾ."

ಅಕ್ಕ ಅವರ ಮುಂದೆ ಒಂದು ಫಾರಂ ಇಟ್ಟರು. "ತುಂಬಿ ಸಾರ್. ಐದೇ ನಿಮಿಷ."

ಸರದಿಯಲ್ಲಿ ಮುಂದಿನವನು ನಾನು. ನನ್ನ ನಾಲಿಗೆಯ ತುದಿಯಲ್ಲೂ ಅದೇ ಮಾತಿತ್ತು. ನುಂಗಿಕೊಂಡು, ತೆಪ್ಪಗೆ ಜೇಬಿನಲ್ಲಿ ಪೆನ್ನು ಹುಡುಕಿದೆ.