ಡ್ರೈವ್ ನನ್ನ ಅಂಗೈಯಲ್ಲೇ ಇತ್ತು

ಮಷೀನು ಕೆಟ್ಟರೆ ಅದಕ್ಕೊಂದು ಕಾರಣ ಇರುತ್ತದೆ, ಸರಿಹೋದರೂ ಅಷ್ಟೇ ಎಂದು ನಂಬಿದವನು ನಾನು. ಹೊಳಲ್ಕೆರೆಯಲ್ಲಿ ಇಂಟರ್ನೆಟ್ ರಿಪೇರಿ ಅಂಗಡಿ ಇಟ್ಟವನಿಗೆ ಬೇರೆ ನಂಬಿಕೆ ಎಲ್ಲಿಂದ ಬರಬೇಕು? ದೆವ್ವ, ಪವಾಡ ಎಂದವರನ್ನು ಎದುರಿಗೇ ಆಡಿಕೊಂಡಿದ್ದೇನೆ. ಇದನ್ನು ಓದಿ ನೀವೂ ನಗಬಹುದು. ನಗಿ, ನನಗೆ ಬೇಜಾರಿಲ್ಲ.

ಶ್ರೀರಾಂಪುರದ ಹತ್ತಿರದ ಹಳ್ಳಿಯೊಂದರಲ್ಲಿ ಬಸಣ್ಣ ಎಂಬ ಭಜನೆ ಹಾಡುಗಾರರಿದ್ದಾರೆ. ಗಂಟಲಿನ ಆಪರೇಷನ್ ಆಗಿ ಅವರ ದನಿ ಪೂರ್ತಿ ಹೋಯಿತು. ಅದಕ್ಕೂ ಮುಂಚೆ ಹೆಂಡತಿ ರುದ್ರಮ್ಮ ಅವರ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿಸಿದ್ದರು. ಮನೆಯವರು ಮೊಬೈಲಿನಲ್ಲಿ ಕೇಳಲೆಂದು ಅವನ್ನು ರೌಟರಿಗೆ ಸಿಕ್ಕಿಸಿದ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟವನು ನಾನೇ. ರೌಟರಿನ ಸ್ವಂತ ಮೆಮೊರಿ ಕೆಟ್ಟಿದ್ದರಿಂದ ಅದು ಆನ್ ಆಗಲು ಬೇಕಾದ ಸಾಫ್ಟ್‌ವೇರೂ ಅದೇ ಡ್ರೈವಿನಲ್ಲಿತ್ತು. ಡ್ರೈವ್ ಇಲ್ಲದೆ ಆ ಡಬ್ಬಿ ಏಳುವುದೇ ಇಲ್ಲ. ಇನ್ನೊಂದು ಕಾಪಿ ಮಾಡಿಡಬೇಕಿತ್ತು. ಸೋಮಾರಿತನ, ಮಾಡಿರಲಿಲ್ಲ.

ಆಯುಧಪೂಜೆಯ ಮರುದಿನ ಬೆಳಿಗ್ಗೆ ರುದ್ರಮ್ಮನ ಫೋನ್ ಬಂತು. ಹೋಗಿ ನೋಡಿದರೆ ಟ್ರ್ಯಾಕ್ಟರು, ಮಿಕ್ಸಿ, ಹೊಲಿಗೆ ಮಷೀನಿನ ಜೊತೆ ರೌಟರಿಗೂ ವಿಭೂತಿ ಕಲಸಿ ಬಳಿದು, ಚೆಂಡುಹೂ ಏರಿಸಿದ್ದರು. ವಿಭೂತಿ ನೀರು ಡ್ರೈವಿನೊಳಗೇ ಇಳಿದಿತ್ತು.

"ಕರೆಂಟಿನ ಸಾಮಾನಿಗೆ ನೀರು ಬಳೀತಾರೇನಮ್ಮಾ?" ಎಂದು ರೇಗಿದೆ.

"ಎಲ್ಲಾ ಮಷೀನಿಗೂ ಹಚ್ಚಿ, ಅವ್ರ ದನಿ ಇರೋದನ್ನ ಬಿಡಾಕಾಗ್ತೈತೇನಪ್ಪ?" ಎಂದರು ರುದ್ರಮ್ಮ.

ಡ್ರೈವನ್ನು ಒರೆಸಿ, ಒಣಗಿಸಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸತ್ತಿತ್ತು. ಮತ್ತೆ ರೌಟರಿಗೆ ಸಿಕ್ಕಿಸಿದರೂ ಕೆಂಪು ದೀಪ ಬಿಟ್ಟರೆ ಏನಿಲ್ಲ. ಬಸಣ್ಣ ನನ್ನ ಕೈಯನ್ನೇ ನೋಡುತ್ತ ಕುಳಿತಿದ್ದರು. ಆಪರೇಷನ್ನಿನಲ್ಲಿ ಒಮ್ಮೆ ಹೋದ ಅವರ ದನಿಯನ್ನು ಎರಡನೇ ಸಲ ಕಳೆದವನು ನಾನು ಎನ್ನಿಸಿತು.

"ಇನ್ನು ಆಗಲ್ಲ ಕಣಮ್ಮ" ಎಂದೆ. ಡ್ರೈವ್ ಕಿತ್ತು ಅಂಗೈಯಲ್ಲಿ ಹಿಡಿದಿದ್ದೆ. ಬಸಣ್ಣ ಎದ್ದು ಬಂದು ರೌಟರಿನ ಮೇಲೆ ಕೈಯಿಟ್ಟರು.

ಹಸಿರು ದೀಪ ಹತ್ತಿತು.

ರುದ್ರಮ್ಮನ ಮೊಬೈಲಿನಲ್ಲಿ ಪಟ್ಟಿ ತೆರೆಯಿತು, ಒಂದೇ ಒಂದು ಹಾಡು. ಒತ್ತಿದರು. ಬಸಣ್ಣನ ದನಿ, ತಂಬೂರಿಯಿಲ್ಲ, ತಾಳವಿಲ್ಲ. ನಾನು ಮುಷ್ಟಿ ಬಿಚ್ಚಿದೆ. ಡ್ರೈವ್ ಅಲ್ಲೇ ಇತ್ತು.

"ಇಳಿಸ್ಕಳಪ್ಪ, ಬೇಗ ಇಳಿಸ್ಕ!" ಎಂದು ರುದ್ರಮ್ಮ ಕೂಗಿದ ಮೇಲೆಯೇ ನನಗೆ ಎಚ್ಚರ. ಹಾಡನ್ನು ಮೊಬೈಲಿಗೆ ಇಳಿಸಿದೆ. ಮರುಕ್ಷಣ ದೀಪ ಆರಿತು. ಆ ಡಬ್ಬಿ ಮತ್ತೆ ಏಳಲಿಲ್ಲ.

"ಒಂದಾದ್ರೂ ಉಳೀತಲ್ಲಮ್ಮ" ಎಂದೆ. ಬಸಣ್ಣ ಅಲ್ಲ ಎಂಬಂತೆ ತಲೆಯಾಡಿಸಿದರು. ಒಳಗಿಂದ ತಮ್ಮ ನೋಟ್‌ಬುಕ್ಕು ತಂದು ಒಂದು ಹಾಳೆ ತೆರೆದು ತೋರಿಸಿದರು. ಈಗ ಕೇಳಿದ ಹಾಡೇ, ಅಕ್ಷರ ಅಕ್ಷರ. ಅದರ ಕೆಳಗೆ ಪೆನ್ನಿನಲ್ಲಿ ಬರೆದರು: "ಆಪರೇಷನ್ ಆದ ಮೇಲೆ ಕಟ್ಟಿದ್ದು. ಯಾವತ್ತೂ ಹಾಡಿಲ್ಲ."

ಸತ್ತ ಡ್ರೈವ್ ನನ್ನ ಮೇಜಿನ ಡ್ರಾಯರಿನಲ್ಲಿದೆ. ಎಷ್ಟೋ ಸಲ ಪರೀಕ್ಷಿಸಿದ್ದೇನೆ, ಕಾರಣ ಸಿಕ್ಕಿಲ್ಲ. ರುದ್ರಮ್ಮ ದಿನಾ ಬೆಳಿಗ್ಗೆ ಆ ಹಾಡು ಹಾಕುತ್ತಾರಂತೆ. ಬಸಣ್ಣ ಪಕ್ಕದಲ್ಲಿ ಕುಳಿತು ತುಟಿ ಆಡಿಸುತ್ತಾರಂತೆ.